ಹೆಲ್ಮೆಟ್‌ಗೆ ಬ್ಲೂಟೂತ್: ಮೊದಲು ಸ್ಪೀಕರ್ ಸರಿಯಾಗಿ ಕೂರಿಸಿ

ಹೆಲ್ಮೆಟ್‌ಗೆ ಬ್ಲೂಟೂತ್ ಹೆಡ್‌ಸೆಟ್ ಹಾಕಿಸಿಕೊಂಡವರು ಹೇಳುವ ದೂರು ಹೆಚ್ಚಾಗಿ ಒಂದೇ: ‘ಊರೊಳಗೆ ಚೆನ್ನಾಗಿ ಕೇಳುತ್ತೆ, ಹೈವೇಗೆ ಹೋದ್ರೆ ಏನೂ ಕೇಳಲ್ಲ.’ ಆಮೇಲೆ ಕಂಪನಿಯನ್ನು ಬೈದು ಇನ್ನೂ ದುಬಾರಿಯದ್ದು ತರುತ್ತಾರೆ. ಅದೂ ಹಾಗೇ. ಪ್ಯಾಡ್ ಬಿಚ್ಚಿ ನೋಡಿದರೆ ಸ್ಪೀಕರ್ ಕಿವಿಯ ಎದುರಿಗೆ ಇರುವುದೇ ಇಲ್ಲ, ದವಡೆಯ ಹತ್ತಿರ ಕೂತಿರುತ್ತದೆ.

ಹೆಲ್ಮೆಟ್ ಐಎಸ್ಐ ಗುರುತಿನ ಫುಲ್ ಫೇಸ್ ಆಗಿರಲಿ. ಅರ್ಧ ಹೆಲ್ಮೆಟ್‌ಗೆ ಹಾಕಿದರೆ ದುಡ್ಡು ದಂಡ. ಮೈಕ್‌ಗೆ ಗಾಳಿ ಬಡಿದು, ಆ ಕಡೆ ಮಾತಾಡುವವರಿಗೆ ಬರೀ ಭರ್ರೋ ಎಂಬ ಸದ್ದು ಕೇಳುತ್ತದೆ. ಹೆಡ್‌ಸೆಟ್ ಕೊಳ್ಳುವಾಗ ಐಪಿ67 (ನೀರು, ಧೂಳು ಒಳಗೆ ಹೋಗದಂತೆ ತಡೆಯುವ ಮಟ್ಟದ ಗುರುತು) ಎಂದು ಬರೆದಿದೆಯೇ ನೋಡಿ, ನಮ್ಮ ಮಳೆಗೆ ಅಷ್ಟಾದರೂ ಬೇಕು. ಕರೆ, ಹಾಡು, ಮ್ಯಾಪ್ ಸಾಕು ಎನ್ನುವವರು ಸವಾರರು ತಮ್ಮತಮ್ಮಲ್ಲೇ ಮಾತಾಡುವ ಇಂಟರ್‌ಕಾಮ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ತೀರಾ ಅಗ್ಗದ, ಹೆಸರಿಲ್ಲದ ಸೆಟ್‌ಗಳೂ ಬೇಡ. ಅವುಗಳ ವೈರ್ ಕಡ್ಡಿಯಂತೆ ಬಿರುಸು, ಮಡಚಿದ ಕಡೆಯೇ ತುಂಡಾಗುತ್ತದೆ. ಇನ್ನು ಕಿವಿಗೆ ಇಯರ್‌ಬಡ್ ಸಿಕ್ಕಿಸಿ ಮೇಲೆ ಹೆಲ್ಮೆಟ್ ಹಾಕುವ ಸುಲಭದ ದಾರಿ ಇದೆಯಲ್ಲ, ಅದನ್ನು ಬಿಟ್ಟುಬಿಡಿ. ಹೆಲ್ಮೆಟ್ ತೆಗೆಯುವಾಗ ಬಡ್ ರಸ್ತೆಗೆ ಬೀಳುತ್ತದೆ, ಹಿಂದಿನ ಲಾರಿಯ ಹಾರ್ನ್ ಸರಿಯಾಗಿ ಕೇಳುವುದೂ ಇಲ್ಲ.

ಈಗ ಮುಖ್ಯ ಕೆಲಸ. ಕೆನ್ನೆಯ ಪ್ಯಾಡ್‌ಗಳನ್ನು ಬಿಚ್ಚಿ. ಸಾಮಾನ್ಯವಾಗಿ ಟಿಚ್ ಬಟನ್ ಇರುತ್ತದೆ, ಬಟನ್ ಪಕ್ಕದಲ್ಲೇ ಹಿಡಿದು ಎಳೆಯಿರಿ. ಒಳಗಿನ ಥರ್ಮೋಕೋಲ್‌ನಲ್ಲಿ ಕಿವಿಗೆಂದು ಒಂದು ಗುಂಡಿ ಕಾಣುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಗುಂಡಿಯ ನಡುವೆ ಸ್ಪೀಕರ್ ಅಂಟಿಸಿ ಮುಗಿಸುತ್ತಾರೆ. ಆದರೆ ನಿಮ್ಮ ಕಿವಿ ಆ ಗುಂಡಿಯ ನಡುವೆಯೇ ಇರಬೇಕೆಂದಿಲ್ಲ, ಅಲ್ವಾ? ಒಬ್ಬರಿಗೆ ಸ್ವಲ್ಪ ಮೇಲೆ, ಇನ್ನೊಬ್ಬರಿಗೆ ಹಿಂದೆ.

ಹಾಗಾಗಿ ವೆಲ್ಕ್ರೋ ಗಟ್ಟಿಯಾಗಿ ಒತ್ತದೆ, ತಾತ್ಕಾಲಿಕವಾಗಿ ಇಡಿ. ಫೋನ್ ಜೋಡಿಸಿ ಗೊತ್ತಿರುವ ಒಂದು ಹಾಡು ಹಾಕಿ. ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಕೆಳಗಿನಿಂದ ಬೆರಳು ತೂರಿಸಿ ಸ್ಪೀಕರನ್ನು ಸ್ವಲ್ಪ ಸ್ವಲ್ಪವೇ ಮೇಲೆ, ಕೆಳಗೆ, ಹಿಂದೆ, ಮುಂದೆ ಸರಿಸಿ. ಒಂದು ಜಾಗದಲ್ಲಿ ಹಾಡಿನ ದಪ್ಪ ಸ್ವರಗಳು ಒಮ್ಮೆಲೇ ತುಂಬಿಕೊಳ್ಳುತ್ತವೆ. ಅದೇ ಜಾಗ. ಒಂದು ಸೆಂಟಿಮೀಟರ್ ಆಚೀಚೆ ಆದರೂ ಸದ್ದು ಅರ್ಧಕ್ಕೆ ಇಳಿದಂತೆ ಅನಿಸುತ್ತದೆ. ಎರಡೂ ಕಿವಿಗೆ ಬೇರೆ ಬೇರೆಯಾಗಿ ನೋಡಿ.

ಆಳವೂ ಮುಖ್ಯ. ಸ್ಪೀಕರ್ ಕಿವಿಗೆ ತಾಗಿಯೂ ತಾಗದಂತೆ ಇರಬೇಕು. ದೂರವಾದರೆ ಡಬ್ಬಿಯಲ್ಲಿ ಬಂದ ಸ್ಪಂಜಿನ ಬಿಲ್ಲೆಯನ್ನು ಹಿಂದೆ ಕೊಡಿ. ಕಿವಿಗೆ ಒತ್ತುತ್ತಿದ್ದರೆ ಅರ್ಧ ಗಂಟೆಯಲ್ಲಿ ನೋವು ಶುರುವಾಗುತ್ತದೆ, ಆಗ ತೆಳು ಸ್ಪೀಕರ್ ತನ್ನಿ. ಬ್ಲೇಡ್‌ನಲ್ಲಿ ಥರ್ಮೋಕೋಲ್ ಕೆತ್ತಿ ಜಾಗ ಮಾಡಿಕೊಡುತ್ತೇನೆ ಎನ್ನುವ ಅಂಗಡಿಯಿಂದ ಎದ್ದು ಬನ್ನಿ. ಬಿದ್ದಾಗ ಪೆಟ್ಟನ್ನು ಹೀರಿಕೊಳ್ಳುವುದೇ ಆ ಥರ್ಮೋಕೋಲ್.

ವೈರನ್ನು ಪ್ಯಾಡಿನ ಹಿಂದೆ ಹಾಯಿಸಿ, ಟಿಚ್ ಬಟನ್ ಕೆಳಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಮೈಕ್ ಗಲ್ಲದ ಭಾಗದ ಒಳಗೆ, ತುಟಿಯ ಎದುರಿಗೆ ಬರಲಿ. ಮೈಕಿನ ಸ್ಪಂಜಿನ ಟೋಪಿ ಕಳೆದುಹೋದರೆ ಹೊಸದು ಹಾಕಿ, ಅದಿಲ್ಲದೆ ಮಾತು ಕೇಳಿಸುವುದಿಲ್ಲ. ಹೆಡ್‌ಸೆಟ್‌ನ ಬಟನ್ ಇರುವ ಯಂತ್ರ ಹೆಲ್ಮೆಟ್‌ನ ಎಡಗಡೆಗೇ ಇರಲಿ, ಬಲಗೈ ಆಕ್ಸಿಲರೇಟರ್ ಮೇಲಿರುತ್ತದೆ. ಫೋನ್‌ಗೆ ಜೋಡಿಸುವುದು, ಅಂದರೆ ಪೇರಿಂಗ್, ನಿಮಗೆ ಗೊತ್ತೇ ಇದೆ.

ಮ್ಯಾಪ್‌ಗೆ: ಗೂಗಲ್ ಮ್ಯಾಪ್ಸ್‌ನ ನ್ಯಾವಿಗೇಷನ್ ಸೆಟ್ಟಿಂಗ್‌ನಲ್ಲಿ ಬ್ಲೂಟೂತ್ ಮೂಲಕ ಧ್ವನಿ ಆನ್ ಮಾಡಿ, ಧ್ವನಿಯ ಮಟ್ಟ ಹೆಚ್ಚಿಸಿ. ಬೇಕಿದ್ದರೆ ಕನ್ನಡದಲ್ಲೇ ಹೇಳುತ್ತದೆ. ಕಾರಿನದ್ದಲ್ಲ, ದ್ವಿಚಕ್ರದ ಗುರುತನ್ನು ಒತ್ತಿ. ಆದರೂ ಬೋರ್ಡ್ ನೋಡುವುದನ್ನು ಬಿಡಬೇಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಮ್ಯಾಪ್ ಏನೇ ಹೇಳಲಿ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮಲೆನಾಡಿನ ಘಾಟಿಗಳಿಗೆ ಹೊರಟರೆ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ದಾರಿ ಕಿವಿಯಲ್ಲೇ ಕೇಳುವಾಗ ಫೋನ್ ಹ್ಯಾಂಡಲ್ ಮೇಲೆ ಯಾಕೆ? ಜೇಬಿನಲ್ಲಿಡಿ. ಬೈಕ್ ಎಂಜಿನ್ನಿನ ನಡುಕಕ್ಕೆ ಐಫೋನ್ ಕ್ಯಾಮೆರಾ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು.

ಕರೆಯ ಬಗ್ಗೆ ನನ್ನದು ಕಟ್ಟುನಿಟ್ಟು. ತಾನಾಗಿಯೇ ಕರೆ ಎತ್ತುವ ಆಟೋ ಆನ್ಸರ್ ಆಫ್ ಇರಲಿ. ಕರೆ ಬಂದರೆ ಎಡಕ್ಕೆ ನಿಲ್ಲಿಸಿ ಮಾತಾಡಿ. ಹೆಲ್ಮೆಟ್ ಸಂದಿಗೆ ಫೋನ್ ತುರುಕಿ ಮಾತಾಡುವುದಕ್ಕಿಂತ ಓಡಿಸುತ್ತಾ ಬ್ಲೂಟೂತ್‌ನಲ್ಲಿ ಮಾತಾಡುವುದು ವಾಸಿ ಎನ್ನುತ್ತಾರೆ, ಕೈಯೇನೋ ಖಾಲಿ ಇರುತ್ತದೆ, ಗಮನ ಇರುವುದಿಲ್ಲ. ಹಾಡು ಊರು ದಾಟಿದ ಮೇಲೆ ಸಾಕು. 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿಯ ಸದ್ದೇ 90 ಡೆಸಿಬಲ್ ದಾಟುತ್ತದೆ, ಅದನ್ನು ಮೀರಿಸಲು ವಾಲ್ಯೂಮ್ ಏರಿಸಿದರೆ ಕೆಡುವುದು ಕಿವಿ. ವೇಗ ಇಳಿಸಿ, ಹಾಡು ತಾನೇ ಕೇಳುತ್ತದೆ.

ಮಳೆಯಲ್ಲಿ ಬಂದ ದಿನ ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ತೆಗೆದು ಒರೆಸಿ, ಒಣಗಿದ ಮೇಲೆಯೇ ಕೇಬಲ್ ಚುಚ್ಚಿ. ಚಾರ್ಜ್ ಆದಮೇಲೆ ಮುಚ್ಚಳ ಹಾಕಲು ಮರೆಯಬೇಡಿ.