ಅಪ್ಪ ಆಡಿದ ನೂರು ಪಂದ್ಯ: ಮೆಲ್ಬರ್ನ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ತೆರಿಗೆ ಸಂಖ್ಯೆ, ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ಬ್ಯಾಂಕ್ ಖಾತೆ, ಬಸ್ಸು-ರೈಲಿನ ಮೈಕಿ ಕಾರ್ಡು ಇವೆಲ್ಲ ಮೊದಲ ಎರಡು ವಾರಗಳಲ್ಲಿ ಹೇಗೋ ಮುಗಿದುಹೋಗುತ್ತವೆ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಯಾರಾದರೊಬ್ಬರು ಚಹಾದ ಹೊತ್ತಿನಲ್ಲಿ "ನಿಮ್ಮ ತಂಡ ಯಾವುದು?" ಎಂದು ಕೇಳುತ್ತಾರೆ. ಅವರು ಕೇಳುವುದು ಕ್ರಿಕೆಟ್ಟಿನ ತಂಡವನ್ನಲ್ಲ, ಇಲ್ಲಿಯವರು ಫೂಟಿ ಎಂದು ಕರೆಯುವ ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡವನ್ನು. 2014ರಲ್ಲಿ ನಾನು ಬಂದಾಗ ಈ ಪ್ರಶ್ನೆಗೆ ಸಿದ್ಧನಾಗಿರಬೇಕೆಂದು ಯಾರೂ ಹೇಳಿರಲಿಲ್ಲ. ಆಗ ಗೆಲ್ಲುತ್ತಿದ್ದ ಹಾಥಾರ್ನ್‌ನ ಹೆಸರು ಹೇಳಿದೆ. ಆ ತಂಡ 2013, 2014, 2015 ಹೀಗೆ ಸತತ ಮೂರು ವರ್ಷ ಚಾಂಪಿಯನ್ ಆಯಿತು. ಮುಂದೆ ಅದು ಸೋಲತೊಡಗಿದಾಗ ನಾನು ಬೇರೊಂದು ತಂಡದ ಹೆಸರು ಹೇಳತೊಡಗಿದೆ. ಜೊತೆಯವರು ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ನನ್ನ ಬಳಿ ಫೂಟಿಯ ಮಾತನ್ನು ತೆಗೆಯುವುದನ್ನೇ ಬಿಟ್ಟರು.

ಅದು ಎಂಥ ತಪ್ಪು ಎಂಬುದು ನಮ್ಮವರಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ನಮ್ಮಲ್ಲಿ ಒಂದು ಮನೆತನ ಧರ್ಮಸ್ಥಳದ ಒಕ್ಕಲು, ಇನ್ನೊಂದು ತಿರುಪತಿಯ ಒಕ್ಕಲು ಎನ್ನುತ್ತೇವೆ. ಈ ವರ್ಷ ಮಳೆ ಸರಿಯಾಗಿ ಬರಲಿಲ್ಲವೆಂದು ಯಾರೂ ಮನೆದೇವರನ್ನು ಬದಲಿಸುವುದಿಲ್ಲ. ಇಲ್ಲಿಯ ಕುಟುಂಬಗಳು ಕ್ಲಬ್ಬುಗಳಿಗೆ ಹೀಗೆಯೇ ಒಕ್ಕಲು. ಆದ್ದರಿಂದ ನಿಮ್ಮ ಬಡಾವಣೆಗೆ ಹತ್ತಿರದ್ದೋ, ನಿಮ್ಮನ್ನು ಮೊದಲು ಮೈದಾನಕ್ಕೆ ಕರೆದೊಯ್ದವರದ್ದೋ ಒಂದು ಕ್ಲಬ್ಬನ್ನು ಹಿಡಿಯಿರಿ, ಹಿಡಿದ ಮೇಲೆ ಬಿಡಬೇಡಿ.

ಇನ್ನು, ಕ್ಲಬ್ಬನ್ನು ಒಳಗಿನಿಂದ ತಿಳಿಯಬೇಕೆನ್ನುವವರು ಫಾದರ್-ಸನ್ ನಿಯಮವನ್ನು ಹಿಂಬಾಲಿಸಬೇಕು ಎಂಬುದು ನನ್ನ ಅನುಭವ. ಪ್ರತಿ ವರ್ಷ ನವೆಂಬರಿನಲ್ಲಿ ಹೊಸ ಆಟಗಾರರ ಡ್ರಾಫ್ಟ್ ನಡೆಯುತ್ತದೆ. ನಮ್ಮ ಐಪಿಎಲ್ ಹರಾಜಿನಂತೆ ಇಲ್ಲಿ ಹಣದ ಕೂಗಿಲ್ಲ. ಹಿಂದಿನ ಋತುವಿನಲ್ಲಿ ಕೊನೆಗೆ ಉಳಿದ ಕ್ಲಬ್ಬಿಗೆ ಮೊದಲ ಸರದಿ ಎಂಬ ಕ್ರಮದಲ್ಲಿ ಒಬ್ಬೊಬ್ಬ ಹುಡುಗನನ್ನು ಆರಿಸುತ್ತಾರೆ. ಆದರೆ ಒಬ್ಬ ಹುಡುಗನ ತಂದೆ ಯಾವುದಾದರೂ ಕ್ಲಬ್ಬಿನ ಮುಖ್ಯ ತಂಡದಲ್ಲಿ ಕನಿಷ್ಠ 100 ಪಂದ್ಯ ಆಡಿದ್ದರೆ, ಆ ಮಗನನ್ನು ತನ್ನವನನ್ನಾಗಿ ಮಾಡಿಕೊಳ್ಳಲು ಆ ಕ್ಲಬ್ಬಿಗೆ ಮೊದಲ ಹಕ್ಕು.

ಇದನ್ನು ಮೊದಲ ಬಾರಿ ಕೇಳಿದಾಗ ನಾನು ಆಡಿದ ಮಾತಿಗೆ ಇಂದಿಗೂ ನನಗೆ ನೋವಿದೆ. 2016ರ ಡ್ರಾಫ್ಟಿನಲ್ಲಿ ಕಾಲಿಂಗ್‌ವುಡ್ ಕ್ಲಬ್ 57ನೆಯ ಸರದಿಯಲ್ಲಿ ಜೋಶ್ ಡೇಕಾಸ್ ಎಂಬ ಹುಡುಗನನ್ನು ತೆಗೆದುಕೊಂಡಿತು. ಅವನ ತಂದೆ ಪೀಟರ್ ಡೇಕಾಸ್ ಆ ಕ್ಲಬ್ಬಿಗೆ 250 ಪಂದ್ಯ ಆಡಿ 549 ಗೋಲು ಹೊಡೆದವರು. ಮರುದಿನ ಕಚೇರಿಯಲ್ಲಿ "ಅಪ್ಪ ಆಡಿದ್ದಕ್ಕೆ ಮಗನಿಗೆ ಜಾಗವೇ? ನಮ್ಮೂರಲ್ಲಿ ಇದನ್ನು ವಶೀಲಿ ಎನ್ನುತ್ತಾರೆ" ಎಂದುಬಿಟ್ಟೆ. ಅದು ನಾವು ಊರಿನಿಂದ ಹೊತ್ತುತಂದ ಅನುಮಾನ. ರೋಜರ್ ಬಿನ್ನಿ ಆಯ್ಕೆ ಸಮಿತಿಯಲ್ಲಿದ್ದ ಕಾಲದಲ್ಲಿ ಸ್ಟುವರ್ಟ್ ಬಿನ್ನಿ ಭಾರತ ತಂಡಕ್ಕೆ ಬಂದಾಗ ನಮ್ಮಲ್ಲಿ ಎಷ್ಟು ಜನ ಏನೇನು ಮಾತಾಡಿದೆವು ಎಂಬುದನ್ನು ನೆನೆಸಿಕೊಳ್ಳಿ. ಬಾಂಗ್ಲಾದೇಶದ ವಿರುದ್ಧ ಆತ 4 ರನ್ನಿಗೆ 6 ವಿಕೆಟ್ ತೆಗೆದ ಮೇಲೂ ಆ ಮಾತು ಪೂರ್ತಿ ನಿಲ್ಲಲಿಲ್ಲ.

ನನ್ನ ಪಕ್ಕದ ಮೇಜಿನ ಹಿರಿಯರೊಬ್ಬರು ಕಾಲಿಂಗ್‌ವುಡ್ ಒಕ್ಕಲಿನವರು. ಅವರು ಆ ದಿನ ಮಾತಾಡಲಿಲ್ಲ. ಕೆಲವು ದಿನ ಕಳೆದ ಮೇಲೆ ನನ್ನನ್ನು ಕೂರಿಸಿಕೊಂಡು, ತಮ್ಮ ತಂದೆಯ ಕೈ ಹಿಡಿದು ಹಳೆಯ ವಿಕ್ಟೋರಿಯಾ ಪಾರ್ಕ್ ಮೈದಾನಕ್ಕೆ ಹೋಗುತ್ತಿದ್ದುದನ್ನೂ, ಗೋಲಿನ ಅಂಚಿನಿಂದ, ಕೋನವೇ ಸಿಗದಂಥ ಜಾಗದಿಂದ, ಪೀಟರ್ ಚೆಂಡನ್ನು ಒದ್ದು ಒಳಗೆ ಕಳಿಸುತ್ತಿದ್ದುದನ್ನೂ ವಿವರಿಸಿದರು. ಆ ತಂದೆ ಈಗ ಇಲ್ಲ. "ಆ ಹುಡುಗ ಮೈದಾನಕ್ಕೆ ಇಳಿಯುವಾಗ ನಮ್ಮಪ್ಪ ನನ್ನ ಪಕ್ಕದಲ್ಲಿ ಕೂತಂತಾಗುತ್ತದೆ" ಎಂದರು. ಕ್ಷಮೆ ಕೇಳಿದೆ. ಅಂದಿನಿಂದ ಕಾಲಿಂಗ್‌ವುಡ್ ನನ್ನ ಕ್ಲಬ್, ಮತ್ತೆ ಬದಲಿಸಿಲ್ಲ.

ನಿಯಮ ಹಳೆಯದು, 1949ರದ್ದು. ಇದರ ಮಾತು ಬಂದಾಗಲೆಲ್ಲ ಹಿರಿಯರು ರಾನ್ ಬರಾಸಿಯ ಹೆಸರೆತ್ತುತ್ತಾರೆ. ತಂದೆಯ ಹೆಸರೂ ರಾನ್ ಬರಾಸಿಯೇ. ಮೆಲ್ಬರ್ನ್ ಕ್ಲಬ್ಬಿನ 1940ರ ಚಾಂಪಿಯನ್ ತಂಡದಲ್ಲಿ ಆಡಿ, ಮರುವರ್ಷ ಎರಡನೆಯ ಮಹಾಯುದ್ಧದಲ್ಲಿ, ಲಿಬಿಯಾದ ಟೋಬ್ರುಕ್‌ನಲ್ಲಿ ಮಡಿದರು. ಆಗ ಮಗನಿಗೆ 5 ವರ್ಷ. ಅದೇ ಮಗ 1953ರಲ್ಲಿ ಅಪ್ಪನ ಕ್ಲಬ್ಬಿಗೆ ಆಡಲು ಇಳಿದು, ಆಟಗಾರನಾಗಿ ಆರು ಚಾಂಪಿಯನ್ ಪಟ್ಟ ತಂದುಕೊಟ್ಟರು.

ವಶೀಲಿ ಎಂಬ ನನ್ನ ಮಾತು ಲೆಕ್ಕದಲ್ಲೂ ತಪ್ಪಾಗಿತ್ತು. ಹಿಂದೆ ಕ್ಲಬ್ಬುಗಳಿಗೆ ಈ ಹುಡುಗರು ಅಗ್ಗವಾಗಿ ಸಿಗುತ್ತಿದ್ದರು ಎಂಬುದು ನಿಜ. ಜೀಲಾಂಗ್ ಕ್ಲಬ್ 2001ರಲ್ಲಿ ಗ್ಯಾರಿ ಅಬ್ಲೆಟ್ ಜೂನಿಯರ್ ಅವರನ್ನು 40ನೆಯ ಸರದಿಗೂ, 2006ರಲ್ಲಿ ಟಾಮ್ ಹಾಕಿನ್ಸ್ ಅವರನ್ನು 41ನೆಯ ಸರದಿಗೂ ಪಡೆಯಿತು. ಮೊದಲನೆಯವರು ಮುಂದೆ ಋತುವಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನು ಎರಡು ಬಾರಿ ಗೆದ್ದರು. ಎರಡನೆಯವರು ಮೂರು ಚಾಂಪಿಯನ್ ತಂಡಗಳಲ್ಲಿದ್ದರು. ಉಳಿದ ಕ್ಲಬ್ಬುಗಳು ಸಹಜವಾಗಿಯೇ ತಕರಾರೆತ್ತಿದವು, 2007ರಿಂದ ಬಿಡ್ ಪದ್ಧತಿ ಬಂತು. ಈಗ ಬೇರೊಂದು ಕ್ಲಬ್ "ಈ ಹುಡುಗ ನಮಗೆ ಬೇಕು" ಎಂದು ತನ್ನ ಸರದಿಯಲ್ಲಿ ಕೂಗಿದರೆ, ತಂದೆಯ ಕ್ಲಬ್ ಆ ಸರದಿಯ ಬೆಲೆಯನ್ನು ಅಂಕಗಳಲ್ಲಿ (ಪ್ರತಿ ಸರದಿಗೂ ಇಂತಿಷ್ಟು ಅಂಕ ಎಂದು ಬೆಲೆ ಕಟ್ಟಿರುತ್ತಾರೆ) ತೆರಬೇಕು, ಇಲ್ಲವೇ ಹುಡುಗನನ್ನು ಬಿಟ್ಟುಕೊಡಬೇಕು. 2021ರಲ್ಲಿ ಜೋಶ್‌ನ ತಮ್ಮ ನಿಕ್ ಡೇಕಾಸ್‌ನನ್ನು ಗೋಲ್ಡ್ ಕೋಸ್ಟ್ ಕ್ಲಬ್ 4ನೆಯ ಸರದಿಯಲ್ಲಿ ಕೂಗಿತು. ಆ ಸರದಿಯ ಬೆಲೆ ಅಂದು 2034 ಅಂಕ. ತಂದೆಯ ಕ್ಲಬ್ಬಿಗೆ ಶೇಕಡ 20 ರಿಯಾಯಿತಿ ಕಳೆದು 1627. ಕಾಲಿಂಗ್‌ವುಡ್ ತನ್ನ ಕೆಳಗಿನ ಹಲವು ಸರದಿಗಳನ್ನು ಒಟ್ಟುಗೂಡಿಸಿ ಅದನ್ನು ತೆತ್ತಿತು. 2025ರಲ್ಲಿ ಆ ರಿಯಾಯಿತಿ ಶೇಕಡ 10ಕ್ಕೆ ಇಳಿಯಿತು. ನಿಯಮಗಳು ಆಗಾಗ ಬದಲಾಗುವುದರಿಂದ ಪ್ರತಿ ವರ್ಷ ಹೊಸದಾಗಿ ಓದಿಕೊಳ್ಳಿ.

ಮಗನಿಗೂ ಬಲವಂತವಿಲ್ಲ. ಮಾರ್ಕ್ ಮರ್ಫಿಯ ತಂದೆ, ಮುಂದೆ ಬ್ರಿಸ್ಬೇನ್‌ನೊಂದಿಗೆ ವಿಲೀನವಾದ ಫಿಟ್ಜ್‌ರಾಯ್ ಕ್ಲಬ್ಬಿನ ಆಟಗಾರರಾಗಿದ್ದರಿಂದ ಬ್ರಿಸ್ಬೇನ್ ಲಯನ್ಸ್ ಮಾರ್ಕ್ ಅವರನ್ನು ಪಡೆಯಬಹುದಿತ್ತು. ಅವರು ಒಲ್ಲೆನೆಂದು ಎಲ್ಲರಂತೆ ಡ್ರಾಫ್ಟಿಗೆ ನಿಂತು, 2005ರಲ್ಲಿ ಮೊದಲ ಸರದಿಯಲ್ಲೇ ಕಾರ್ಲ್ಟನ್ ಸೇರಿದರು.

ಈ ಹುಡುಗರನ್ನು ನೋಡಲು ಟಿವಿಯ ಮುಂದೆ ಕೂತರೆ ಸಾಲದು, ಟ್ಯಾಲೆಂಟ್ ಲೀಗ್ ಪಂದ್ಯಗಳಿಗೆ ಹೋಗಿ. ಹದಿನೆಂಟರ ಒಳಗಿನವರು ಅಲ್ಲಿ ಆಡುತ್ತಾರೆ. ನಿಕ್ ಡೇಕಾಸ್ ಓಕ್ಲೀ ಚಾರ್ಜರ್ಸ್ ತಂಡದಿಂದ ಬಂದವನು. ವಿಲ್ ಮತ್ತು ಲೀವೈ ಆಶ್‌ಕ್ರಾಫ್ಟ್ ಸಹೋದರರು ಸ್ಯಾಂಡ್ರಿಂಗ್‌ಹ್ಯಾಮ್ ಡ್ರಾಗನ್ಸ್‌ನವರು. ಅವರ ತಂದೆ ಮಾರ್ಕಸ್ ಬ್ರಿಸ್ಬೇನ್‌ಗೆ 318 ಪಂದ್ಯ ಆಡಿದವರು. ವಿಲ್ 2024 ಮತ್ತು 2025ರ ಎರಡೂ ಗ್ರ್ಯಾಂಡ್ ಫೈನಲ್‌ಗಳಲ್ಲಿ ಶ್ರೇಷ್ಠ ಆಟಗಾರನಾದ. ನನ್ನಂತೆ ಪಶ್ಚಿಮದ ಬಡಾವಣೆಗಳಲ್ಲಿ ಮನೆ ಮಾಡಿದವರು ವೆಸ್ಟರ್ನ್ ಬುಲ್‌ಡಾಗ್ಸ್‌ನ ಸ್ಯಾಮ್ ಡಾರ್ಸಿಯನ್ನೂ ನೋಡಬೇಕು. ತಾತ ಡೇವಿಡ್, ತಂದೆ ಲ್ಯೂಕ್, ಈಗ ಮೊಮ್ಮಗ, ಮೂರು ತಲೆಮಾರು ಒಂದೇ ಕ್ಲಬ್ಬಿಗೆ.

ಅಲ್ಲಿ ಒಂದು ಎಚ್ಚರಿಕೆ. "ನೂಲಿನಂತೆ ಸೀರೆ" ಎಂದು ನಂಬಿ ಬೆಳೆದವರು ನಾವು. ಹುಡುಗನನ್ನು ನೋಡಿದ ಕೂಡಲೇ ಅಪ್ಪನ ಪಕ್ಕದಲ್ಲಿಟ್ಟು ತೂಗುತ್ತೇವೆ. ಒಮ್ಮೆ ಬೇಲಿಯ ಬಳಿ ನಿಂತು, ಸುಲಭದ ಚೆಂಡನ್ನು ಕೈಬಿಟ್ಟ ಹುಡುಗನೊಬ್ಬನ ಬಗ್ಗೆ "ಇವನು ಅಪ್ಪನ ಕಾಲಿನ ಧೂಳೂ ಅಲ್ಲ" ಎಂದು ಗೆಳೆಯನಿಗೆ ಗಟ್ಟಿಯಾಗಿ ಇಂಗ್ಲಿಷಿನಲ್ಲೇ ಹೇಳಿದೆ. ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಹೆಂಗಸು ತಿರುಗಿ ನೋಡಿ, ಮತ್ತೆ ಮೈದಾನದ ಕಡೆ ಮುಖ ಮಾಡಿದರು. ಅವರು ಅವನ ತಾಯಿ. ಹದಿನೇಳರ ಹುಡುಗನ ಹೆಗಲ ಮೇಲೆ ಅಪ್ಪನ ಹೆಸರು ಮೊದಲೇ ಇರುತ್ತದೆ, ನಾವು ಮತ್ತೊಂದು ಕಲ್ಲನ್ನು ಇಡಬಾರದು.

ನನ್ನ ಮಗನ ವಿಷಯದಲ್ಲಿ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. 2017ರಲ್ಲಿ ಆರು ವರ್ಷದವನನ್ನು ಮಕ್ಕಳ ಆಸ್‌ಕಿಕ್ ತರಬೇತಿಗೆ ಸೇರಿಸಿ, ಮರುವರ್ಷವೇ ಬಿಡಿಸಿದೆ. ಭಾನುವಾರ ಬೆಳಗ್ಗೆಯೇ ಕನ್ನಡ ತರಗತಿ, ಆಮೇಲೆ ಗಣಿತದ ಟ್ಯೂಷನ್. ಕನ್ನಡವನ್ನು ಆಟದ ಎದುರಾಳಿಯನ್ನಾಗಿ ಮಾಡಿ ನಿಲ್ಲಿಸಿದವನು ನಾನೇ. ಅವನು ಕನ್ನಡವನ್ನು ದ್ವೇಷಿಸತೊಡಗಿದ. ಮೂರನೆಯ ವರ್ಷ ಕೋವಿಡ್ ಬಂದು ಮೈದಾನಗಳೇ ಮುಚ್ಚಿದವು. 2021ರಲ್ಲಿ ಅವನು ಮರಳಿ ಹೋದಾಗ, ಜೊತೆಯವರೆಲ್ಲ ಆ ಮೊಟ್ಟೆಯಾಕಾರದ ಚೆಂಡನ್ನು ಎಡಗಾಲಿನಲ್ಲೂ ಒದೆಯಬಲ್ಲವರಾಗಿದ್ದರು. ಈಗ ಅವನು ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಬರೆಯಲು ಬರುವುದಿಲ್ಲ. ತರಗತಿ ಬೇರೆ ಹೊತ್ತಿನಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ, ಎರಡನ್ನೂ ಉಳಿಸಿಕೊಳ್ಳಿ.

2021ರ ಡ್ರಾಫ್ಟಿನ ರಾತ್ರಿ, ನಿಕ್‌ನ ಹೆಸರು ಕೂಗಿದ ಮೇಲೆ, ಮಗ ಕೇಳಿದ: "ಅಪ್ಪಾ, ನೀನು ಎಲ್ಲಿ ನೂರು ಮ್ಯಾಚ್ ಆಡಿದ್ದೀಯ?" ತನಗೆ ಯಾವ ಕ್ಲಬ್ಬಿನ ಹಕ್ಕು ಎಂದು ತಿಳಿಯುವ ಆಸೆ ಅವನಿಗೆ. "ನಮಗೆಲ್ಲ ಅದಿಲ್ಲ, ಹೋಗಿ ಮಲಗು" ಎಂದೆ. ಹಾಸನದ ಕಡೆಯ ನಮ್ಮೂರ ಶಾಲೆಯ ಹಿಂದಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಖೋ ಖೋ ಆಡಿದ್ದನ್ನು, ಮೊಣಕಾಲಿನ ಆ ಗಾಯದ ಗುರುತನ್ನು ತೋರಿಸಬಹುದಿತ್ತು. ಎರಡು ವರ್ಷವಾದ ಮೇಲೆ ತೋರಿಸಿದೆ. ಅಷ್ಟರಲ್ಲಿ ಅವನು ಕೇಳುವುದನ್ನು ನಿಲ್ಲಿಸಿದ್ದ.

ಪೀಟರ್ ಡೇಕಾಸ್‌ರ ಹೆತ್ತವರು ಮ್ಯಾಸಿಡೋನಿಯಾ ಸೀಮೆಯಿಂದ ವಲಸೆ ಬಂದವರು, ಅವರೂ ನಮ್ಮಂತೆಯೇ ಎಂದು ಆಗಲೇ ಹೇಳಬೇಕಿತ್ತು. ಪೀಟರ್‌ಗೆ ಯಾವ ಅಪ್ಪನ ನೂರು ಪಂದ್ಯವೂ ಇರಲಿಲ್ಲ. ಆತ ಧರಿಸಿದ 35ನೆಯ ಸಂಖ್ಯೆಯ ಅಂಗಿಯನ್ನು ಇಂದು ನಿಕ್ ಧರಿಸುತ್ತಾನೆ. 2023ರ ಗ್ರ್ಯಾಂಡ್ ಫೈನಲ್ ಅನ್ನು ಕಾಲಿಂಗ್‌ವುಡ್ ನಾಲ್ಕೇ ಅಂಕಗಳಿಂದ ಗೆದ್ದಾಗ ಅಣ್ಣತಮ್ಮಂದಿರಿಬ್ಬರೂ ಮೈದಾನದಲ್ಲಿದ್ದರು. ಅಂದಿನ ನಾಯಕ ಡಾರ್ಸಿ ಮೂರ್ ಕೂಡ ಅದೇ ಕ್ಲಬ್ಬಿನ ಪೀಟರ್ ಮೂರ್‌ರ ಮಗ. ನಮ್ಮಂಥವರ ಮಕ್ಕಳಿಗೆ ಇನ್ನೊಂದು ಬಾಗಿಲೂ ಇದೆ: ಏಷ್ಯಾ, ಆಫ್ರಿಕಾ ಮೂಲದ ಕುಟುಂಬಗಳ ಮಕ್ಕಳನ್ನು ಸೇರಿಸಿಕೊಂಡು ಕ್ಲಬ್ಬುಗಳು ನಡೆಸುವ ನೆಕ್ಸ್ಟ್ ಜನರೇಷನ್ ಅಕಾಡೆಮಿ. ಹುಡುಗನಿಗೆ ಆಸೆಯಿದ್ದರೆ ನಿಮ್ಮ ಬಡಾವಣೆ ಯಾವ ಕ್ಲಬ್ಬಿನ ವಲಯಕ್ಕೆ ಸೇರಿದೆ ಎಂದು ವಿಚಾರಿಸಿ.

ಮಕ್ಕಳ ಕ್ಲಬ್ಬಿಗೆ ಸೇರಿಸಿದ ಮೇಲೆ ಕಾರಿನಲ್ಲೇ ಕೂತು ಲ್ಯಾಪ್‌ಟಾಪ್ ತೆರೆಯಬೇಡಿ. ಮೊದಲ ಋತುವಿಡೀ ನಾನು ಹಾಗೆ ಮಾಡಿದೆ. ಪೋಷಕರ ಪಾಳಿಯ ಪಟ್ಟಿಯಿರುತ್ತದೆ. ಮಧ್ಯಂತರಕ್ಕೆ ಕಿತ್ತಳೆ ಕೊಯ್ದು ತರುವುದೂ ಅದರಲ್ಲೊಂದು. ನಾನು ಮೊದಲ ಸಲ ಮನೆಯಲ್ಲಿ ಸುಲಿದು, ತೊಳೆ ಬಿಡಿಸಿ, ಸ್ಟೀಲ್ ಡಬ್ಬಿಯಲ್ಲಿ ಒಯ್ದಿದ್ದೆ. ಕೆಸರುಗೈಯ ಹುಡುಗರು ಮುಟ್ಟಲು ಹಿಂಜರಿದರು. ಸಿಪ್ಪೆ ಸಮೇತ ನಾಲ್ಕು ಹೋಳು ಮಾಡಬೇಕು. ಸಿಪ್ಪೆ ಹಿಡಿದು, ಹಲ್ಲು ಊರಿ, ರಸ ಹೀರಿ, ಎಸೆದು ಓಡುತ್ತಾರೆ.

2025ರ ಆಗಸ್ಟಿನಲ್ಲಿ ಮಗನ 50ನೆಯ ಪಂದ್ಯ ಬಂತು. ಅಂಥ ದಿನ ಎರಡು ಕೋಲುಗಳ ನಡುವೆ ಬಣ್ಣದ ಕಾಗದದ ದೊಡ್ಡ ಪರದೆ ಕಟ್ಟುತ್ತಾರೆ, ಹುಡುಗ ಅದನ್ನು ಹರಿದುಕೊಂಡು ಮೈದಾನಕ್ಕೆ ಓಡಬೇಕು. ತರಬೇತುದಾರರು ಒಂದು ಕೋಲನ್ನು ನನ್ನ ಕೈಗೆ ಕೊಟ್ಟರು. ಗಾಳಿ ಜೋರಾಗಿತ್ತು, ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದೆ. ಅವನು ಹೆಗಲಿಗೆ ಅಂಟಿದ ಕಾಗದದ ಚೂರುಗಳೊಂದಿಗೆ ಆಚೆ ಹೋದ. ಸಂಜೆ ಹಾಸನಕ್ಕೆ ಫೋನು ಮಾಡಿ ಅಜ್ಜಿಗೆ ಎಲ್ಲವನ್ನೂ ತನ್ನ ಅರೆಬರೆ ಕನ್ನಡದಲ್ಲಿ ವಿವರಿಸಿದ. ಗೆದ್ದರೋ ಸೋತರೋ ಎಂದು ಅವಳು ಕೇಳಲಿಲ್ಲ. "ನಿಮ್ಮಪ್ಪ ಬಂದಿದ್ನೇನೋ?" ಎಂದಳು.

"ಬಂದಿದ್ದ ಅಜ್ಜಿ, ಕೋಲು ಹಿಡ್ಕೊಂಡಿದ್ದ" ಎಂದ.