ನಮ್ಮ ನಂತರ ಮಗನ ಲೆಕ್ಕ ಇಡುವವರು ಯಾರು?

ನನ್ನ ಮಗನಿಗೆ ಈಗ 27 ವರ್ಷ. ಕುಂಜಿಬೆಟ್ಟಿನಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಗೆ ಒಬ್ಬನೇ ಹೋಗಿ ಹಾಲು ತರುತ್ತಾನೆ. ಆದರೆ ನೂರರ ನೋಟು ಕೊಟ್ಟರೆ ವಾಪಸ್ ಎಷ್ಟು ಬರಬೇಕು ಅಂತ ಅವನಿಗೆ ಗೊತ್ತಾಗುವುದಿಲ್ಲ. ಹುಟ್ಟಿನಿಂದಲೇ ಅವನಿಗೆ ಬುದ್ಧಿಯ ಬೆಳವಣಿಗೆ ಕಡಿಮೆ. ಅಂಗಡಿಯವರು ಒಳ್ಳೆಯವರು, ಚಿಲ್ಲರೆ ಎಣಿಸಿ ಅವನ ಅಂಗಿ ಕಿಸೆಗೆ ಹಾಕಿ ಕಳಿಸುತ್ತಾರೆ. ನಾನೂ ನಮ್ಮವರೂ ಹೋದ ಮೇಲೆ ಹೀಗೆ ಎಣಿಸಿ ಕಿಸೆಗೆ ಹಾಕುವವರು ಯಾರು ಅನ್ನುವುದಕ್ಕೆ ಉತ್ತರ ಹುಡುಕಲು ನಮಗೆ ಎರಡು ವರ್ಷ ಹಿಡಿಯಿತು. ಇಂಥದೇ ಚಿಂತೆ ಇರುವ ತಂದೆ ತಾಯಿ ನಮ್ಮ ಉಡುಪಿ, ಮಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು 34 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ತೀರಿಹೋದವರ ಖಾತೆಯ ಕ್ಲೇಮುಗಳನ್ನು ನೂರಾರು ನೋಡಿದ್ದೇನೆ. ನಾಮಿನಿ ಹಾಕಿದರೆ ಮುಗಿಯಿತು, ದುಡ್ಡು ಅವರದ್ದೇ ಅಂತ ಜನ ನಂಬುತ್ತಾರೆ. ಹಾಗಲ್ಲ. ಬ್ಯಾಂಕು ನಾಮಿನಿಗೆ ದುಡ್ಡು ಕೊಟ್ಟರೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು, ಅಷ್ಟೇ. ವಾರಸುದಾರರ ಹಕ್ಕು ಹಾಗೇ ಇರುತ್ತದೆ. ವಿಮೆಯ ನಾಮಿನಿ ಬಗ್ಗೆ ಸುಪ್ರೀಂ ಕೋರ್ಟ್ 1984ರಲ್ಲೇ ಇದನ್ನು ಹೇಳಿತ್ತು, ಶೇರುಗಳಿಗೂ ಇದೇ ಮಾತು ಅಂತ 2023ರಲ್ಲಿ ಹೇಳಿತು. ವಿಮೆಯಲ್ಲಿ ಮಾತ್ರ 2015ರಿಂದ ಕಾನೂನು ಬದಲಾಗಿದೆ, ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ ನಾಮಿನಿಯಾದರೆ ದುಡ್ಡು ಅವರಿಗೇ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರ ತನಕ ನಾಮಿನಿ ಹಾಕಬಹುದು. ಆದರೆ ನನ್ನ ಮಗನಂಥವರಿಗೆ ಇದ್ಯಾವುದೂ ಸಾಲುವುದಿಲ್ಲ, ಯಾಕೆಂದರೆ ಅವನ ಹೆಸರಿಗೆ ದುಡ್ಡು ಬಂದ ಮೇಲೆ ಅದನ್ನು ತೆಗೆಯಲು ಅವನಿಂದ ಆಗುವುದಿಲ್ಲ.

ಏನೂ ಬರೆಯದೆ ನಾವು ಹೋದರೆ? ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆಸ್ತಿಯಲ್ಲಿ ಅವನಿಗೂ ಸಮಪಾಲು ಬರುತ್ತದೆ. ಕೇಳಲು ಚಂದ. ಆದರೆ ಅವನ ಪಾಲು ಸೇರಿರುವ ಮನೆಯನ್ನು ನಾಳೆ ಅವನ ಖರ್ಚಿಗೆಂದೇ ಮಾರಬೇಕು ಅಂದರೂ ಸಹಿ ಹಾಕುವವರಿಲ್ಲ. ಆಮೇಲೆ ಕೋರ್ಟು, ಅನುಮತಿ ಅಂತ ಓಡಾಟ.

ಇನ್ನೊಂದು ವಿಷಯ ನಮಗೆ ತಡವಾಗಿ ತಿಳಿಯಿತು. ಮಗನಿಗೆ 18 ತುಂಬಿದ ದಿನವೇ ಕಾನೂನಿನ ಲೆಕ್ಕದಲ್ಲಿ ಅವನು ದೊಡ್ಡವ. ಹೆತ್ತವರು ಅಂತ ನಾವು ತಾನಾಗಿಯೇ ಅವನ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಪಾಲಕರನ್ನು ನೇಮಿಸುವ ವ್ಯವಸ್ಥೆ ಇದೆ. ಪ್ರತಿ ಜಿಲ್ಲೆಯಲ್ಲೂ ಡಿಸಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇರುತ್ತದೆ, ಅದಕ್ಕೆ ಅರ್ಜಿ ಹಾಕಬೇಕು. ನಾವು ಮಣಿಪಾಲದಲ್ಲಿರುವ ಡಿಸಿ ಕಚೇರಿ ರಜತಾದ್ರಿಗೆ ಹೋಗಿ ಅರ್ಜಿ ಕೊಟ್ಟದ್ದು ಮಗನಿಗೆ 24 ಆದ ಮೇಲೆ. ನೀವು ಅಷ್ಟು ಕಾಯಬೇಡಿ.

ಮೊದಲು ನಾವು ಹೋದದ್ದು ಪತ್ರ ಬರೆಯುವವರೊಬ್ಬರ ಹತ್ತಿರ. ಎಲ್ಲರಿಗೂ ಬರೆಯುವ ಹಾಗೆ ಅವರು ನಮಗೂ ಒಂದು ವೀಲುನಾಮೆ ಬರೆದುಕೊಟ್ಟರು. ನಮ್ಮ ಕಾಲಾನಂತರ ಮನೆ, ಠೇವಣಿ ಎಲ್ಲವನ್ನೂ ಮಗನು 'ಸರ್ವ ಹಕ್ಕು ಸಹಿತ ಅನುಭವಿಸಿಕೊಂಡು ಬರತಕ್ಕದ್ದು' ಅಂತ. ಸರ್ವ ಹಕ್ಕು! ಯಾರಾದರೂ ಒಂದು ಕಾಗದ ತಂದು ಹೆಬ್ಬೆಟ್ಟು ಒತ್ತು ಅಂದರೆ ನಗುತ್ತಾ ಒತ್ತಿಬಿಡುವ ಹುಡುಗನಿಗೆ ಸರ್ವ ಹಕ್ಕು ಕೊಟ್ಟರೆ ಏನಾಗುತ್ತದೆ? ಆ ರಾತ್ರಿ ನಮ್ಮವರು ಮಲಗಲಿಲ್ಲ. ಬೆಳಿಗ್ಗೆ ಎದ್ದು, ಇದು ಬೇಡ, ಒಬ್ಬ ವಕೀಲರನ್ನು ನೋಡೋಣ ಅಂದರು.

ವಕೀಲರು ಹೇಳಿದ್ದು ಖಾಸಗಿ ಟ್ರಸ್ಟ್. 1882ರ ಇಂಡಿಯನ್ ಟ್ರಸ್ಟ್ಸ್ ಆಕ್ಟ್ ಪ್ರಕಾರ ಮನೆಯವರಿಗಾಗಿಯೇ ಮಾಡುವ ಟ್ರಸ್ಟ್. ನಮ್ಮೂರಲ್ಲಿ ಟ್ರಸ್ಟಿ ಅಂದರೆ ಎಲ್ಲರಿಗೂ ನೆನಪಾಗುವುದು ದೇವಸ್ಥಾನದ ಮೊಕ್ತೇಸರರು. ಹತ್ತಿರ ಹತ್ತಿರ ಅದೇ. ಆಸ್ತಿ ನೋಡಿಕೊಳ್ಳುವವರು ಅವರು, ಆದರೆ ಅದರ ಒಂದು ತೆಂಗಿನಕಾಯಿಯೂ ಅವರದ್ದಲ್ಲ. ಒಂದೇ ವ್ಯತ್ಯಾಸ, ಇಲ್ಲಿ ಕಾಗದಪತ್ರ ಟ್ರಸ್ಟಿಯ ಹೆಸರಲ್ಲೇ ಇರುತ್ತದೆ. ಅದಕ್ಕೇ ಮನುಷ್ಯರನ್ನು ಆರಿಸುವುದು ಇಷ್ಟು ಕಷ್ಟ.

ಎಲ್ಲರೂ ಹೇಳಿದ ಹೆಸರು ನನ್ನ ತಮ್ಮನದು. ಸೋದರಮಾವ ಇರುವಾಗ ಬೇರೆಯವರು ಯಾಕೆ ಅಂತ. ನಮ್ಮದು ಅಳಿಯಸಂತಾನದ ಕುಟುಂಬ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿದ್ದ ಕಟ್ಟು, ಹಿಂದೆ ಕುಟುಂಬದ ಆಸ್ತಿ ನೋಡಿಕೊಳ್ಳುತ್ತಿದ್ದ ಯಜಮಾನ ಅಂದರೆ ಸಾಮಾನ್ಯವಾಗಿ ಮಾವನೇ. ತಮ್ಮ ಮುಂಬೈಯಲ್ಲಿ ಹೋಟೆಲ್ ನಡೆಸುತ್ತಾನೆ. ನನ್ನ ಮಗ ಅಂದರೆ ಅವನಿಗೆ ಪ್ರಾಣ. ಆದರೆ ಅವನಿಗೆ 60 ಆಯಿತು, ನನಗಿಂತ ಮೂರೇ ವರ್ಷ ಚಿಕ್ಕವ. ಮಗ ಇನ್ನೂ ನಲವತ್ತು ವರ್ಷ ಬದುಕಬೇಕಾದವ. ಅದಲ್ಲದೆ ಹೋಟೆಲ್ ಅಂದರೆ ಸಾಲ, ಬಾಡಿಗೆ, ಒಂದು ತಿಂಗಳು ಕೈ ತುಂಬಾ, ಇನ್ನೊಂದು ತಿಂಗಳು ಖಾಲಿ. ಕಷ್ಟದ ತಿಂಗಳಲ್ಲಿ, ಮುಂದಿನ ತಿಂಗಳು ಹಾಕಿಬಿಡುತ್ತೇನೆ ಅಂತ ಒಳ್ಳೆಯ ಮನಸ್ಸಿನಿಂದಲೇ ಟ್ರಸ್ಟಿನ ದುಡ್ಡಿಗೆ ಕೈ ಹಾಕಿದವರನ್ನು ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ನೋಡಿದ್ದೇನೆ. ಕೆಟ್ಟವರಲ್ಲ ಅವರು.

ಹಾಗಾದರೆ ಮಗಳು? ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ, ತಮ್ಮನನ್ನು ಎತ್ತಿ ಆಡಿಸಿದವಳು. ನಾವು ಅವಳೇ ಅಂತ ಮನಸ್ಸಲ್ಲಿ ನಿಶ್ಚಯ ಮಾಡಿಯೂ ಆಗಿತ್ತು. ಕರಡು ಓದಿ ಅವಳೇ ಫೋನ್ ಮಾಡಿದಳು. "ಅಮ್ಮ, ದುಡ್ಡು ನನ್ನ ಕೈಯಲ್ಲಿ ಬೇಡ" ಅಂದಳು. ನನಗೆ ಒಮ್ಮೆ ಬೇಜಾರಾಯಿತು. ಆಮೇಲೆ ಅವಳು ಬಿಡಿಸಿ ಹೇಳಿದಳು. ಮಗನ ಕಾಲದ ನಂತರ ಉಳಿದದ್ದೆಲ್ಲ ಅಕ್ಕನಿಗೆ ಅಂತ ನಾವು ಬರೆದಿದ್ದೆವು. ಅಂದರೆ ಅವನಿಗೆ ಖರ್ಚು ಮಾಡದೆ ಉಳಿಸಿದಷ್ಟೂ ಅವಳಿಗೇ ಲಾಭ. "ನಾನು ಹಾಗೆ ಮಾಡುವುದಿಲ್ಲ ಅಂತ ನಿನಗೆ ಗೊತ್ತು. ಆದರೆ ಅವನಿಗೆ ಒಂದು ಒಳ್ಳೆಯ ಹಾಸಿಗೆ ತಗೊಳ್ಳುವುದಾ ಬೇಡವಾ ಅಂತ ಯೋಚಿಸುವಾಗ ನನ್ನ ಮಕ್ಕಳ ಫೀಸು ನೆನಪಾಗಬಾರದು" ಅಂದಳು.

ಆ ಫೋನ್ ಬಂದಿಲ್ಲದಿದ್ದರೆ ನಾವು ದೊಡ್ಡ ತಪ್ಪು ಮಾಡುತ್ತಿದ್ದೆವು. ಅಲ್ಲಿಂದ ನಮ್ಮ ಯೋಚನೆಯೇ ಬದಲಾಯಿತು. ಮಗನನ್ನು ನೋಡಿಕೊಳ್ಳುವವರು ಬೇರೆ, ದುಡ್ಡು ಇಟ್ಟುಕೊಳ್ಳುವವರು ಬೇರೆ ಅಂತ ಮಾಡಿದೆವು. ನಮ್ಮ ನಂತರ ಪಾಲಕಿಯಾಗಲು ಮಗಳು ಅದೇ ಸಮಿತಿಗೆ ಅರ್ಜಿ ಹಾಕುತ್ತಾಳೆ, ಅದು ನಮ್ಮ ಇಚ್ಛೆ ಅಂತ ವೀಲುನಾಮೆಯಲ್ಲೂ ಬರೆದಿದ್ದೇವೆ. ಅವನು ಎಲ್ಲಿರಬೇಕು, ಯಾವ ಡಾಕ್ಟರು, ಏನು ಊಟ, ಎಲ್ಲ ಅವಳದ್ದು. ದುಡ್ಡು ಮಾತ್ರ ಅವಳು ಟ್ರಸ್ಟಿಗಳ ಹತ್ತಿರ ಕೇಳಬೇಕು, ಅವರು ಬಿಲ್ಲು ನೋಡಿ ಕೊಡಬೇಕು. ಕೊನೆಗೆ ಉಳಿಯುವುದರಲ್ಲಿ ಅರ್ಧ ಅವಳ ಮಕ್ಕಳಿಗೆ, ಇನ್ನರ್ಧ ಮಗ ಕಲಿತ ವಿಶೇಷ ಶಾಲೆಗೆ.

ಇನ್ನು ಟ್ರಸ್ಟಿಗಳು. ಕೆಲವು ದೊಡ್ಡ ಬ್ಯಾಂಕುಗಳಿಗೆ ಇದಕ್ಕೆಂದೇ ಕಂಪನಿಗಳಿವೆ, ಒಂದನ್ನು ವಿಚಾರಿಸಿದೆ. ಶುರುವಿಗೊಂದು ಫೀಸು, ಪ್ರತಿ ವರ್ಷ ಆಸ್ತಿಯ ಮೇಲೆ ಇಷ್ಟು ಅಂತ. ನಮ್ಮಷ್ಟರವರಿಗೆ ಅದು ಜಾಸ್ತಿ. ದೊಡ್ಡ ಆಸ್ತಿ ಇದ್ದು ನಂಬುವವರು ಯಾರೂ ಇಲ್ಲದಿದ್ದರೆ ಅದು ಒಳ್ಳೆಯ ದಾರಿಯೇ.

ನಮ್ಮವರ ತಂಗಿಯ ಮಗ ಒಬ್ಬ ಇದ್ದಾನೆ. 41 ವರ್ಷ, ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಇರುವುದು ಬ್ರಹ್ಮಾವರದಲ್ಲಿ. ಮಾತು ಕಡಿಮೆ. ಅವನ ಹೆಸರು ನನಗೆ ಹೊಳೆದದ್ದು ಕುಟುಂಬದ ಮನೆಯ ದೈವದ ನೇಮದ ದಿನ. ಐದಾರು ವರ್ಷದಿಂದ ನೇಮದ ಲೆಕ್ಕ ಅವನದ್ದೇ. ಮನೆಮನೆಯಿಂದ ಬಂದ ವಂತಿಗೆ, ಚಪ್ಪರದವರಿಗೆ ಕೊಟ್ಟದ್ದು, ಹೂವಿನವರಿಗೆ, ಅಡುಗೆಯವರಿಗೆ, ಎಲ್ಲ ಗೆರೆ ಹಾಕಿದ ಪುಸ್ತಕದಲ್ಲಿ ಬರೆದು, ಬಿಲ್ಲು ಅಂಟಿಸಿ, ಮರುದಿನ ಎಲ್ಲರ ಎದುರು ಓದುತ್ತಾನೆ. ಆ ವರ್ಷ 340 ರೂಪಾಯಿ ಉಳಿದಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಅವನೇ ಲಕೋಟೆಯಲ್ಲಿ ಹಾಕಿ ಹಿರಿಯರ ಕೈಗೆ ಕೊಟ್ಟ. ಟ್ರಸ್ಟಿ ಹುಡುಕುವವರು ಇಂಥದ್ದನ್ನೇ ನೋಡಬೇಕು. ಎಷ್ಟು ಪ್ರೀತಿ ಇದೆ, ಎಷ್ಟು ಶ್ರೀಮಂತ ಅನ್ನುವುದಕ್ಕಿಂತ, ಬೇರೆಯವರ ಸಣ್ಣ ದುಡ್ಡನ್ನು ಅವರು ಹೇಗೆ ಹಿಡಿಯುತ್ತಾರೆ ಅನ್ನುವುದು ಮುಖ್ಯ. ಹಳೆಯ ಕಟ್ಟಿನಲ್ಲಾದರೆ ಮಾವನ ನಂತರ ಹಕ್ಕಿನಿಂದಲೇ ಬರುತ್ತಿದ್ದವ ಈ ಅಳಿಯ. ಈಗ ನಾವು ಅವನನ್ನು ಕೇಳಿದ್ದು ಕಾವಲಿಗೆ.

ಕೇಳಿದಾಗ ಅವನು ತಕ್ಷಣ ಒಪ್ಪಲಿಲ್ಲ, ಅದೂ ನನಗೆ ಇಷ್ಟವಾಯಿತು. "ಮಾಮಿ, ಮಧ್ಯೆ ನನ್ನಿಂದ ಆಗದಿದ್ದರೆ?" ಅಂದ. ಒಳ್ಳೆಯ ಪ್ರಶ್ನೆ. ಒಮ್ಮೆ ಒಪ್ಪಿದ ಟ್ರಸ್ಟಿ ತನ್ನಿಷ್ಟಕ್ಕೆ ಬಿಟ್ಟು ಹೋಗುವಂತಿಲ್ಲ. ಕೋರ್ಟಿನ ಅನುಮತಿ ಬೇಕು, ಇಲ್ಲವೇ ಫಲಾನುಭವಿ, ಅಂದರೆ ಟ್ರಸ್ಟ್ ಯಾರಿಗಾಗಿ ಇದೆಯೋ ಅವರು, ಒಪ್ಪಬೇಕು, ಇಲ್ಲವೇ ಪತ್ರದಲ್ಲೇ ದಾರಿ ಬರೆದಿರಬೇಕು. ಒಪ್ಪಿಗೆ ಕೊಡಲು ನಮ್ಮ ಮಗನಿಂದ ಆಗುವುದಿಲ್ಲವಲ್ಲ. ಆದ್ದರಿಂದ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಉಳಿದವರು ಸೇರಿ ಹೊಸಬರನ್ನು ತರಬೇಕು, ಬರುವವರು 50ಕ್ಕಿಂತ ಕೆಳಗಿನವರಾಗಿರಬೇಕು ಅಂತ ಬರೆಸಿದೆವು.

ಅವನ ಜೊತೆ ಇನ್ನಿಬ್ಬರು. ಒಬ್ಬರು ನನ್ನ ಕೈಕೆಳಗೆ ಕೆಲಸ ಕಲಿತ ಬ್ಯಾಂಕಿನ ಹುಡುಗಿ, ಈಗ ಅವಳಿಗೂ 45. ಇನ್ನೊಬ್ಬಳು ಮಗನ ಶಾಲೆಯಲ್ಲಿದ್ದ ಮತ್ತೊಬ್ಬ ಹುಡುಗನ ಅಕ್ಕ, ಇಂಥ ಮಕ್ಕಳಿಗೆ ಏನು ಬೇಕು ಅಂತ ಅವಳಿಗೆ ಹೇಳಿಕೊಡಬೇಕಾಗಿಲ್ಲ. ಪತ್ರದಲ್ಲಿ ಬೇರೆ ಬರೆಯದಿದ್ದರೆ ಟ್ರಸ್ಟಿಗಳೆಲ್ಲ ಸೇರಿಯೇ ಪ್ರತಿಯೊಂದನ್ನೂ ಮಾಡಬೇಕು ಅನ್ನುತ್ತದೆ ಕಾನೂನು. ಒಬ್ಬರು ಊರಲ್ಲಿ ಇಲ್ಲದಿದ್ದರೆ ಆಸ್ಪತ್ರೆ ಬಿಲ್ಲೂ ಕಟ್ಟಲು ಆಗುವುದಿಲ್ಲ. ಮೂವರಲ್ಲಿ ಇಬ್ಬರು ಸಹಿ ಹಾಕಿದರೆ ಸಾಕು ಅಂತ ಹಾಕಿಸಿದೆವು. ಮನೆ ಮಾರುವುದಾದರೆ ಮಾತ್ರ ಮೂವರೂ ಬೇಕು. ಟ್ರಸ್ಟಿಗಾಗಲಿ ನೆಂಟರಿಗಾಗಲಿ ಸಾಲ ಕೊಡುವಂತಿಲ್ಲ. ಒಂದೇ ಬ್ಯಾಂಕಿನಲ್ಲಿ 5 ಲಕ್ಷಕ್ಕಿಂತ ಜಾಸ್ತಿ ಠೇವಣಿ ಬೇಡ, ಠೇವಣಿ ವಿಮೆ ಅಷ್ಟಕ್ಕೇ ಇರುವುದು. ಪ್ರತಿ ವರ್ಷ ಸಿಎ ಲೆಕ್ಕ ನೋಡಬೇಕು. ಟ್ರಸ್ಟಿಗಳಿಗೆ ಸಣ್ಣ ಸಂಭಾವನೆ ಕೊಡಬೇಕು. ಪತ್ರದಲ್ಲಿ ಬರೆಯದಿದ್ದರೆ ಅವರಿಗೆ ಕೇಳುವ ಹಕ್ಕಿಲ್ಲ, ಮನೆಯವರಾದರೆ ಕೇಳಲು ಸಂಕೋಚ ಬೇರೆ. ಮೂವರೂ ಬೇಡ ಅಂದರು. ನಾನು ಬಿಡಲಿಲ್ಲ. ಸುಮ್ನೆ ಮಾಡುವ ಕೆಲಸ ಹತ್ತು ವರ್ಷಕ್ಕೆ ಭಾರವಾಗುತ್ತದೆ.

ಫಲಾನುಭವಿ ಮಗ ಒಬ್ಬನೇ, ಆದಾಯವೆಲ್ಲ ಅವನಿಗೇ ಅಂತ ಸ್ಪಷ್ಟವಾಗಿ ಬರೆಸಿದೆವು. ಯಾರಿಗೆ ಎಷ್ಟು ಅಂತ ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟರೆ ಸಾಮಾನ್ಯವಾಗಿ ಮೇಲಿನ ದರದ ತೆರಿಗೆ ಬೀಳುತ್ತದೆ ಅಂತ ಸಿಎ ಹೇಳಿದರು.

ಈಗ ಟ್ರಸ್ಟಿನಲ್ಲಿ ಇರುವುದು ಸ್ವಲ್ಪ ಠೇವಣಿ ಮಾತ್ರ, ನಾವಿಬ್ಬರೇ ಮೊದಲ ಟ್ರಸ್ಟಿಗಳು, ಆ ಮೂವರು ನಮ್ಮ ನಂತರ. ಮನೆಯನ್ನು ಈಗಲೇ ಸೇರಿಸಬೇಕಾದರೆ ಪತ್ರ ನೋಂದಣಿಯಾಗಬೇಕು, ಮುದ್ರಾಂಕ ಶುಲ್ಕ ಬೀಳುತ್ತದೆ. ವೀಲುನಾಮೆಗೆ ಆ ಶುಲ್ಕ ಇಲ್ಲ. ಆದ್ದರಿಂದ ನಾನೂ ನಮ್ಮವರೂ ಬೇರೆ ಬೇರೆ ವೀಲುನಾಮೆ ಮಾಡಿ, ಮಗನಿಗೆ ಹೋಗಬೇಕಾದದ್ದು ಟ್ರಸ್ಟಿಗೆ ಸೇರಬೇಕು ಅಂತ ಬರೆದೆವು. ವೀಲುನಾಮೆಗೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿದೆವು. ಡಾಕ್ಟರ ಒಂದು ಸರ್ಟಿಫಿಕೇಟೂ ಜೊತೆಗಿಟ್ಟೆವು, ಸಾಕ್ಷಿಗಳಾಗಿ ನಮಗಿಂತ ಚಿಕ್ಕವರನ್ನು, ಆಸ್ತಿಯಲ್ಲಿ ಏನೂ ಸಿಗದವರನ್ನು ಕರೆದುಕೊಂಡು ಹೋದೆವು. ಕುಟುಂಬದ ಜಾಗದಲ್ಲಿರುವ ನನ್ನ ಪಾಲನ್ನು ವೀಲುನಾಮೆಯಲ್ಲಿ ಬರೆಯಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಅವಕಾಶ ಇದೆ. ನಾನು ಅದನ್ನು ಮುಟ್ಟಲಿಲ್ಲ.

ಇದೆಲ್ಲ ಆಗುವಾಗ ಹಳೆಯ ಕಾಗದ ತೆಗೆದು ನೋಡಿದರೆ ನನ್ನ ಪಿಪಿಎಫ್‌ನಲ್ಲಿ ನಾಮಿನಿ ನನ್ನ ಅಮ್ಮ. ಅಮ್ಮ ತೀರಿಹೋದದ್ದು 2009ರಲ್ಲಿ. ದಯವಿಟ್ಟು ಇವತ್ತೇ ನಿಮ್ಮದನ್ನು ತೆಗೆದು ನೋಡಿ.

ಕಾನೂನಿಗೆ ಬೇಕಿಲ್ಲದ ಒಂದು ಪುಸ್ತಕವನ್ನೂ ನಾನು ಬರೆದಿದ್ದೇನೆ. ಇನ್ನೂರು ಪುಟದ ನೋಟ್‌ಬುಕ್. ಕುಕ್ಕರಿನ ಸೀಟಿ ಅವನಿಗೆ ಹೆದರಿಕೆ, ಮೊದಲೇ ಹೇಳಿ ಇಡಬೇಕು. ಬಂಗುಡೆ ಇಷ್ಟ, ಮುಳ್ಳು ತೆಗೆದು ಕೊಡಬೇಕು. ಬಸ್ಸಿನಲ್ಲಿ ಕಿಟಕಿ ಸೀಟೇ ಬೇಕು. ಜ್ವರ ಬಂದರೆ ಹೇಳುವುದಿಲ್ಲ, ಕಿವಿ ಹಿಡಿದು ಕೂರುತ್ತಾನೆ. ತಿಂಗಳಿಗೊಮ್ಮೆ ಮಲ್ಪೆಗೆ ಕರೆದುಕೊಂಡು ಹೋಗಬೇಕು, ಆ ಖರ್ಚು ಟ್ರಸ್ಟಿನಿಂದಲೇ, ಯಾರೂ ಅದನ್ನು ದುಂದು ಅನ್ನಬಾರದು. ಈಗಿನಿಂದಲೇ ಬ್ರಹ್ಮಾವರದ ಅಳಿಯ ತಿಂಗಳ ಮೊದಲ ಶನಿವಾರ ಬಂದು ಅವನನ್ನು ಕರೆದುಕೊಂಡು ಹೋಗುತ್ತಾನೆ. ಆ ದಿನ ಮಗ ಬೆಳಿಗ್ಗೆ ಏಳಕ್ಕೇ ಚಪ್ಪಲಿ ಹಾಕಿ ಗೇಟಿನ ಹತ್ತಿರ ನಿಂತಿರುತ್ತಾನೆ.

ತಮ್ಮನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ವಿಟ್ಲಪಿಂಡಿ ಹಬ್ಬಕ್ಕೆ ಊರಿಗೆ ಬಂದಿದ್ದ, ವಿಷಯ ಕೇಳಿ ಊಟ ಮಾಡದೆ ಎದ್ದು ಹೋದ. "ಅಕ್ಕ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಅಷ್ಟೇ ಕೇಳಿದ್ದು. ಎರಡು ತಿಂಗಳು ಫೋನಿಲ್ಲ. ಆಮೇಲೆ ನಾನೇ ಮುಂಬೈಗೆ ಹೋಗಿ ಅವನ ಎದುರು ಕೂತು ಮಗಳು ಹೇಳಿದ್ದನ್ನೆಲ್ಲ ಹೇಳಿದೆ. ದುಡ್ಡು ಹಿಡಿಯುವವರನ್ನು ನೋಡಿಕೊಳ್ಳುವ ಇನ್ನೊಬ್ಬರು ಬೇಕು, ಅದು ನೀನೇ ಆಗಬೇಕು ಅಂದೆ. ಪತ್ರದಲ್ಲಿ ಹಾಗೇ ಬರೆಸಿದ್ದೇವೆ. ವರ್ಷದ ಲೆಕ್ಕದ ಒಂದು ಪ್ರತಿ ಅವನಿಗೆ ಹೋಗಬೇಕು, ಅವನು ಕೇಳಿದ್ದಕ್ಕೆ ಟ್ರಸ್ಟಿಗಳು ಉತ್ತರ ಕೊಡಬೇಕು, ಅವನ ನಂತರ ಅವನ ಮಗಳಿಗೆ ಆ ಜವಾಬ್ದಾರಿ.

ಈ ಸಲ ಮೊದಲ ವರ್ಷದ ಲೆಕ್ಕ ಕಳಿಸಿದೆವು. ಮೂರನೇ ದಿನ ಅವನ ಫೋನ್ ಬಂತು.

"ಅಕ್ಕ, ಸೆಪ್ಟೆಂಬರಿನಲ್ಲಿ 1,850 ರೂಪಾಯಿ ಯಾವುದು?"

"ಅವನ ಕನ್ನಡಕ" ಅಂದೆ.

"ಬಿಲ್ ಕಳಿಸು."

ಆ ಸಂಜೆಯೇ ಫೋಟೊ ತೆಗೆದು ಕಳಿಸಿದೆ.