ಎರಡು ನಿಮಿಷದ ಕೆಲಸ

ನಮ್ಮನೆ ವಾಷ್ ಬೇಸಿನ್ನಿನ ತಣ್ಣೀರು ನಲ್ಲಿ ತೊಟ್ಟಿಕ್ಕೋಕೆ ಶುರು ಮಾಡಿದ್ದು ಯಾವಾಗ ಅಂತ ಯಾರಿಗೂ ನೆನಪಿಲ್ಲ. ಹಗಲಲ್ಲಿ ಅದು ಸೋರುವುದು ಗೊತ್ತೇ ಆಗುತ್ತಿರಲಿಲ್ಲ. ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಶುರು. ಟಪ್. ಟಪ್. ಒಂದೇ ಸಮನೆ ಬಿದ್ದಿದ್ದರೆ ಹೇಗೋ ನಿದ್ದೆ ಹತ್ತುತ್ತಿತ್ತೇನೋ, ಆದರೆ ನಡುವೆ ಯಾವುದೋ ಒಂದು ಹನಿ ತಡ ಮಾಡುತ್ತಿತ್ತು, ಆ ಹನಿ ಈಗ ಬೀಳುತ್ತೆ ಈಗ ಬೀಳುತ್ತೆ ಅಂತ ಕಾಯುತ್ತಾ ನನಗೆ ಪೂರ್ತಿ ಎಚ್ಚರವಾಗಿಬಿಡುತ್ತಿತ್ತು. ಪಕ್ಕದಲ್ಲಿ ನಮ್ಮನೆಯವರು ಮಾತ್ರ ಗೊರಕೆ.

"ನಾಳೆ ಸರಿ ಮಾಡ್ತೀನಿ ಕಣೇ, ಎರಡು ನಿಮಿಷದ ಕೆಲಸ" ಅಂತ ಅವರು ಹೇಳಿ ಎರಡು ತಿಂಗಳಾಗಿತ್ತು.

ಅಷ್ಟು ದಿನ ನಾನು ಸುಮ್ನೆ ಕೂತಿರಲಿಲ್ಲ. ನಲ್ಲಿ ಬಾಯಿಗೆ ಒಂದು ದಪ್ಪ ದಾರ ಕಟ್ಟಿ ತುದಿಯನ್ನು ಬೇಸಿನ್ ತೂತಿನವರೆಗೂ ಇಳಿಬಿಟ್ಟೆ. ನೀರು ದಾರ ಹಿಡಿದುಕೊಂಡು ಸದ್ದಿಲ್ಲದೆ ಇಳಿದುಹೋಗುತ್ತೆ. ಇದು ನಿಜವಾಗಿಯೂ ಕೆಲಸ ಮಾಡುತ್ತೆ, ರಾತ್ರಿ ಹೊತ್ತು ಬೇರೇನೂ ತೋಚದಿದ್ದರೆ ಮಾಡಿ ನೋಡಿ. ಆದರೆ ಸದ್ದು ನಿಂತರೆ ಸೋರುವುದು ನಿಲ್ಲಲ್ಲವಲ್ಲ. ಒಂದು ರಾತ್ರಿ ಕುತೂಹಲಕ್ಕೆ ದಾರದ ತುದಿಯನ್ನು ಎರಡು ಲೀಟರಿನ ಜಗ್ಗಿಗೆ ಬಿಟ್ಟು ಮಲಗಿದೆ. ಎಂಟು ಗಂಟೆ ಬಿಟ್ಟು ಎದ್ದು ನೋಡಿದರೆ ಜಗ್ ತುಂಬಿ ಚೆಲ್ಲುತ್ತಿತ್ತು. ಅಂದರೆ ದಿನಕ್ಕೆ ಆರು ಲೀಟರಿಗೆ ಕಮ್ಮಿ ಇಲ್ಲ. ವರ್ಷಕ್ಕೆ ಲೆಕ್ಕ ಹಾಕಿದರೆ 2,000 ಲೀಟರ್ ದಾಟುತ್ತೆ. ಹನಿ ಅಂತ ನಾವು ಉದಾಸೀನ ಮಾಡಿದ್ದು ಇಷ್ಟು! ಅವತ್ತೇ ನಿರ್ಧಾರ ಮಾಡಿದೆ, ಇವರನ್ನು ನಂಬಿಕೊಂಡರೆ ಆಗಲ್ಲ.

ಇದಕ್ಕೂ ಮೊದಲು ನಾನೂ ಎಲ್ಲರ ಹಾಗೆ ಒಂದು ತಪ್ಪು ಮಾಡಿದ್ದೆ. ಸೋರುತ್ತಿದೆ ಅಂತ ನಲ್ಲಿಯನ್ನು ಇನ್ನೂ ಬಿಗಿಯಾಗಿ ತಿರುಗಿಸೋದು. ನಾಲ್ಕೈದು ಸುತ್ತು ತಿರುಗುವ ಹಳೇ ನಲ್ಲಿಯೊಳಗೆ ಒಂದು ಪುಟ್ಟ ರಬ್ಬರ್ ವಾಷರ್ ಇರುತ್ತೆ, ಅದು ಕೆಳಗಿನ ತೂತಿನ ಅಂಚಿನ ಮೇಲೆ ಕೂತು ನೀರು ತಡೆಯುತ್ತೆ. ಅದು ಸವೆದಾಗ ನೀರು ಸೋರುತ್ತೆ. ನಾವು ಜೋರು ಮಾಡಿದಷ್ಟೂ ಆ ಅಂಚು ರಬ್ಬರನ್ನು ಇನ್ನಷ್ಟು ಕತ್ತರಿಸುತ್ತೆ. ಎರಡು ತಿಂಗಳು ನಾವು ಮನೆಮಂದಿಯೆಲ್ಲ ಸೇರಿ ಅದನ್ನು ಚೆನ್ನಾಗಿ ಕತ್ತರಿಸಿದ್ದೆವು. (ಕಾಲು ಸುತ್ತಿಗೇ ತೆರೆದು ಮುಚ್ಚುವ ಹೊಸ ನಲ್ಲಿಗಳಲ್ಲಿ ಈ ವಾಷರ್ ಇರಲ್ಲ, ಒಳಗಿನ ಸಿರಾಮಿಕ್ ಕಾರ್ಟ್ರಿಜ್ಜನ್ನೇ ಬದಲಾಯಿಸಬೇಕು.)

ಸರಿ, ಒಂದು ಭಾನುವಾರ ಸಂಜೆ ಸ್ಪ್ಯಾನರ್, ಸ್ಕ್ರೂಡ್ರೈವರ್ ಇಟ್ಟುಕೊಂಡು ಕೂತೆ. ಹೊಸ ವಾಷರ್ ಮೊದಲೇ ಅಂದಾಜಿನಲ್ಲಿ ತಂದಿಟ್ಟಿದ್ದೆ. ಹೋಗಿ ನೀರಿನ ವಾಲ್ವ್ ಮುಚ್ಚಿದೆ, ನಲ್ಲಿ ತೆರೆದು ಪೈಪಲ್ಲಿ ಉಳಿದಿದ್ದ ನೀರನ್ನೂ ಬಿಟ್ಟೆ. ಇಲ್ಲಿವರೆಗೂ ನಾನು ಪಕ್ಕಾ ಪ್ಲಂಬರ್.

ಬೇಸಿನ್ ಇರುವ ಮೂಲೆ ಕತ್ತಲೆ. ಹಾಗಾಗಿ "ರೀ, ಸ್ವಲ್ಪ ಟಾರ್ಚ್ ಹಿಡೀರಿ ಬನ್ನಿ" ಅಂತ ಕರೆದೆ. ಟಾರ್ಚ್ ಹಿಡಿಯೋದು ಒಂದು ವಿದ್ಯೆ ಅಂತ ನನಗೆ ಅವತ್ತು ಗೊತ್ತಾಯಿತು. ಕೆಲಸ ಮಾಡುವವರ ಕೈ ಎಲ್ಲಿದೆಯೋ ಬೆಳಕು ಅಲ್ಲಿರಬೇಕು ಅಲ್ವಾ? ಇವರ ಟಾರ್ಚ್ ಮಾತ್ರ ಇವರ ಕಣ್ಣು ಹೋದ ಕಡೆಗೆಲ್ಲ ಹೋಗುತ್ತೆ. ಒಂದು ಸಲ ಗೋಡೆ ಮೂಲೆಯ ಜೇಡದ ಮೇಲೆ, ಒಂದು ಸಲ ನೇರ ನನ್ನ ಕಣ್ಣಿಗೆ. ಆ ಬೆಳಕಿನಲ್ಲಿ ನಾನು ತಣ್ಣೀರಿನ ನೀಲಿ ಕ್ಯಾಪ್ ಬದಲು ಪಕ್ಕದ ಬಿಸಿನೀರಿನ ಕೆಂಪು ಕ್ಯಾಪನ್ನು ಎಬ್ಬಿಸಿ ತೆಗೆದೆ. ಆಮೇಲೆ ಗೊತ್ತಾಗಿ ನೀಲಿಯದ್ದನ್ನೂ ತೆಗೆದೆ. ಅದರ ಕೆಳಗೆ ಹಿಡಿಯನ್ನು ಹಿಡಿದುಕೊಂಡಿರುವ ಒಂದು ಪುಟಾಣಿ ಸ್ಕ್ರೂ. ಹುಷಾರಾಗಿ ಬಿಚ್ಚಿದೆ. ಎರಡು ಬೆರಳಲ್ಲಿ ಹಿಡಿದು ಎತ್ತಿದೆ. ಅಷ್ಟರಲ್ಲಿ ಇವರಿಗೆ ಸೀನು ಬಂತು.

ಸ್ಕ್ರೂ ಬೇಸಿನ್ನಿಗೆ ಬಿತ್ತು, ಒಂದು ಸುತ್ತು ಹೊಡೆಯಿತು, ಇನ್ನೊಂದು ಅರ್ಧ ಸುತ್ತು ಹೊಡೆಯಿತು, ನಾವಿಬ್ಬರೂ ನೋಡ್ತಾ ಇರೋವಾಗಲೇ ತೂತಿನೊಳಗೆ ಹೋಯಿತು. ಬೇಸಿನ್ ತೂತಿಗೆ ಮೊದಲೇ ಒಂದು ಬಟ್ಟೆ ತುರುಕಬೇಕಿತ್ತು. ಬರೀ ಒಂದು ಬಟ್ಟೆ.

"ಹೋಗ್ಲಿ ಬಿಡು, ಬೇರೆ ಸ್ಕ್ರೂ ಹಾಕಿದ್ರಾಯ್ತು" ಅಂದು ಇವರು ಟಾರ್ಚನ್ನು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೊರಟರು. ನಾನು ಬಿಡುವವಳಲ್ಲ. ಬೇಸಿನ್ ಕೆಳಗೆ ಬಾಗಿದ ಪೈಪ್ ಇರುತ್ತಲ್ಲ, ಟ್ರ್ಯಾಪ್ ಅಂತಾರೆ, ಬಿದ್ದಿದ್ದು ಮೊದಲು ಅಲ್ಲೇ ಕೂರೋದು. ಅದರ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತೆ, ಚರಂಡಿ ವಾಸನೆ ಮನೆಯೊಳಗೆ ಬರದೇ ಇರೋದು ಆ ನೀರಿನಿಂದಲೇ. 1775ರಲ್ಲಿ ಅಲೆಗ್ಸಾಂಡರ್ ಕಮಿಂಗ್ ಅನ್ನುವವರು ಶೌಚಾಲಯಕ್ಕೆ ಇಂಥದ್ದೇ ಬಾಗಿದ ಪೈಪ್ ಕೂರಿಸಿ ಪೇಟೆಂಟ್ ಪಡೆದರಂತೆ, ಮೂಲತಃ ಅವರು ಗಡಿಯಾರ ಮಾಡುವವರು. ಚಿಕ್ಕ ಸ್ಕ್ರೂಗಳು ಬಿದ್ದು ಹೋಗುವ ಕಷ್ಟ ಅವರಿಗೂ ಗೊತ್ತಿದ್ದಿರಬೇಕು.

ಕೆಳಗೆ ಬಕೆಟ್ ಇಟ್ಟು ಟ್ರ್ಯಾಪ್ ಬಿಚ್ಚಿದೆ. ಕೈಯಲ್ಲೇ ತಿರುಗಿತು, ಸ್ಪ್ಯಾನರ್ ಕೂಡ ಬೇಕಾಗಲಿಲ್ಲ. ಕಪ್ಪು ನೀರು, ಅದರ ಹಿಂದೆ ಕೂದಲಿನ ಒಂದು ಗಂಟು, ಗಂಟಿನೊಳಗೆ ನನ್ನ ಸ್ಕ್ರೂ. ಜೊತೆಗೆ ಒಂದು ಪೆನ್ನಿನ ಮುಚ್ಚಳ, ಮತ್ತೆ ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ನನ್ನ ಒಂದು ಓಲೆ. ಅವತ್ತು ಇವರು "ಬೇಸಿನ್ನಲ್ಲಿ ಬಿದ್ದಿರ್ಬೇಕು ನೋಡು" ಅಂದಿದ್ದರು, ನಾನು ಒಪ್ಪಿರಲಿಲ್ಲ. ಜೋಡಿಯ ಇನ್ನೊಂದು ಓಲೆಯನ್ನು ಇಟ್ಟುಕೊಂಡು ಏನು ಮಾಡೋದು ಅಂತ ಎಸೆದಿದ್ದೆ. ಆ ಓಲೆ ಸಿಕ್ಕಿದ ವಿಷಯ ಅವರಿಗೆ ಇವತ್ತಿಗೂ ಹೇಳಿಲ್ಲ.

ಸ್ಕ್ರೂ ಸಿಕ್ಕ ಖುಷಿಯಲ್ಲಿ ಬಕೆಟ್ ಎತ್ತಿದೆ. ಕೊಳೆ ನೀರನ್ನು ಎಲ್ಲಿ ಸುರಿಯೋದು? ಎದುರಿಗೇ ಬೇಸಿನ್ ಇದೆಯಲ್ಲ, ಸುರಿದೆ. ಸುರಿದ ನೀರು ಹಾಗೇ ಕೆಳಗಿಳಿದು, ಪೈಪೇ ಇಲ್ಲದ ಜಾಗದಿಂದ ನನ್ನ ಪಾದದ ಮೇಲೆ ಬಿತ್ತು. ತಣ್ಣಗೆ, ಕೂದಲ ಸಮೇತ. ಪೈಪ್ ಬಿಚ್ಚಿದವಳು ನಾನೇ, ಬಿಚ್ಚಿ ಎರಡು ನಿಮಿಷವೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳು ನೋಡಿ ಏನೂ ಹೇಳದೆ ಒರೆಸುವ ಬಟ್ಟೆ ತರೋಕೆ ಹೋದಳು. ನಕ್ಕಿದ್ದರೆ ಇನ್ನೂ ವಾಸಿ ಇತ್ತು.

ನೆಲ ಒರೆಸಿ, ಟ್ರ್ಯಾಪ್ ಮತ್ತೆ ಕೂರಿಸಿ, ನಲ್ಲಿ ಕಡೆ ತಿರುಗಿದೆ. ಸ್ಪ್ಯಾನರ್ ಹಾಕಿ ಮೇಲಿನ ಭಾಗವನ್ನು ಪೂರ್ತಿ ಬಿಚ್ಚಿ ಎತ್ತಿದೆ. ವಾಷರ್ ಸಿಕ್ಕಿತು. ಮೇಲೆ ಉಂಗುರದ ಹಾಗೆ ಆಳವಾದ ಗೀರು, ಒಂದು ಕಡೆ ಕಿತ್ತೇ ಹೋಗಿದೆ. ಅದನ್ನು ಬೆಳಕಿಗೆ ಹಿಡಿದು ನೋಡ್ತಾ ಇದ್ದೆ.

ಅದೇ ಹೊತ್ತಿಗೆ ಬಚ್ಚಲಲ್ಲಿ ಇವರ ಮೈತುಂಬಾ ಸೋಪು, ಬಕೆಟ್ಟಲ್ಲಿ ನೀರು ಖಾಲಿ. ನಲ್ಲಿ ತಿರುಗಿಸಿದ್ದಾರೆ, ನೀರಿಲ್ಲ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಟವೆಲ್ ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು, ಹಿಂದಿನ ಬಾಗಿಲಿಂದ ಹೋಗಿ ವಾಲ್ವ್ ನೋಡಿದ್ದಾರೆ. ಯಾರೋ ಮುಚ್ಚಿಬಿಟ್ಟಿದ್ದಾರೆ ಅಂತ ಪೂರ್ತಿ ತೆರೆದಿದ್ದಾರೆ.

ಮೇಲ್ಭಾಗ ಇಲ್ಲದ ನಲ್ಲಿಯಿಂದ ನೀರು ಬಂದರೆ ಹೇಗಿರುತ್ತೆ ಅಂತ ನಾನು ಯೋಚಿಸಿರಲಿಲ್ಲ. ಮೊದಲು ಗೊರಗೊರ ಅಂತು. ಆಮೇಲೆ ನನ್ನ ಗಲ್ಲಕ್ಕೆ ಹೊಡೆದು ಕನ್ನಡಿಗೆ ಹೋಯಿತು. ನಾನು ಅಂಗೈ ಒತ್ತಿದೆ, ಬೆರಳ ಸಂದಿಯಿಂದ ನಾಲ್ಕು ಕಡೆ ಚಿಮ್ಮಿತು. "ವಾಲ್ವ್! ವಾಲ್ವ್!" ಅಂತ ಕೂಗಿದೆ. "ಸರಿ ಮಾಡಿದೆ ಕಣೇ, ಯಾರೋ ಮುಚ್ಚಿದ್ರು!" ಅಂತ ಹಿಂದಿನಿಂದ ಸಮಾಧಾನದ ದನಿ ಬಂತು. ಕೊನೆಗೆ ಮಗಳು ಓಡಿಹೋಗಿ ಮುಚ್ಚಿದಳು.

ಆಮೇಲೆ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಾನು ಅಂದಾಜಿನಲ್ಲಿ ತಂದಿದ್ದ ವಾಷರ್ ದೊಡ್ಡದಾಯಿತು, ಕೂರಲೇ ಇಲ್ಲ. ಹಳೆಯದನ್ನು ತೋರಿಸಿಯೇ ತರಬೇಕು, ಬಾಯಲ್ಲಿ ಅಳತೆ ಹೇಳಿದರೆ ಆಗಲ್ಲ. ಇವರೇ, ಕಿವಿ ಹಿಂದೆ ಸೋಪು ಒಣಗಿರುವಾಗಲೇ, ಹಳೇ ವಾಷರ್ ಹಿಡಿದುಕೊಂಡು ಅಂಗಡಿಗೆ ಓಡಿದರು. ಹತ್ತು ವಾಷರ್ ತಂದರು. ಯಾಕೆ ಹತ್ತು ಅಂತ ನಾನೂ ಕೇಳಲಿಲ್ಲ. ಅಂಗಡಿ ಮುಚ್ಚಿದ್ದಿದ್ದರೆ ಹಳೆಯದನ್ನೇ ತಲೆಕೆಳಗು ಮಾಡಿ ಹಾಕಬಹುದಿತ್ತು, ಹಿಂಬದಿ ಚೆನ್ನಾಗಿದ್ದರೆ ಸ್ವಲ್ಪ ದಿನ ತಡೆಯುತ್ತೆ. ಹೊಸದನ್ನು ಹಾಕುವ ಮೊದಲು ಒಳಗಿನ ಅಂಚಿನ ಮೇಲೆ ಬೆರಳಾಡಿಸಿ ನೋಡಿದೆ, ಅದು ತರಿತರಿಯಾಗಿದ್ದರೆ ಎಂಥ ವಾಷರ್ ಹಾಕಿದರೂ ಸೋರುತ್ತೆ. ನಮ್ಮದು ನುಣುಪಾಗಿತ್ತು. ಸ್ಪಿಂಡಲನ್ನು, ಅಂದರೆ ಹಿಡಿಯ ಜೊತೆ ತಿರುಗುವ ಒಳಗಿನ ಕಡ್ಡಿಯನ್ನು, ಅರ್ಧ ತೆರೆದ ಸ್ಥಿತಿಯಲ್ಲಿಟ್ಟು ಮೇಲಿನ ಭಾಗವನ್ನು ಕೂರಿಸಿ ಬಿಗಿ ಮಾಡಿದೆ, ಇಲ್ಲದಿದ್ದರೆ ಹೊಸ ವಾಷರ್ ಕೂರಿಸುವಾಗಲೇ ಜಜ್ಜಿಹೋಗುತ್ತೆ. ಸ್ಕ್ರೂ ಹಾಕಿದೆ, ಈ ಸಲ ತೂತಿಗೆ ಬಟ್ಟೆ ತುರುಕಿದ್ದೆ. ವಾಲ್ವ್ ಮಾತ್ರ ನಾನೇ ಹೋಗಿ ತೆರೆದೆ, ನಿಧಾನಕ್ಕೆ.

ಒಂದು ಹನಿ ಇಲ್ಲ. ಮೂರು ಗಂಟೆ ಹಿಡಿಯಿತು, ಆದರೆ ಒಂದು ಹನಿ ಇಲ್ಲ.

ಮಾರನೇ ದಿನ ಬೆಳಗ್ಗೆ ಇವರು ಮುಖ ತೊಳೆಯೋಕೆ ಹೋಗಿ ಹೌಹಾರಿ ಹಿಂದೆ ನೆಗೆದರು. ಕ್ಯಾಪ್ ಅದಲುಬದಲಾಗಿದೆ. ತಣ್ಣೀರಿಗೆ ಕೆಂಪು, ಬಿಸಿನೀರಿಗೆ ನೀಲಿ. ಈಗಲೂ ಹಾಗೇ ಇದೆ, ಮನೆಗೆ ಯಾರಾದರೂ ಬಂದರೆ ಮೊದಲೇ ಹೇಳಿಬಿಡುತ್ತೇವೆ. "ಎಬ್ಬಿಸಿ ತೆಗೆದು ಬದಲಾಯಿಸಿದ್ರೆ ಎರಡು ನಿಮಿಷದ ಕೆಲಸ ಕಣೇ" ಅಂತಾರೆ ಇವರು. ಹೌದು, ಎರಡೇ ನಿಮಿಷ. ಆದರೆ ಆ ಸ್ಕ್ರೂ ಇರೋದು ಆ ಕ್ಯಾಪ್ ಕೆಳಗೇ.